ಕಬ್ಬಿನ ಸೀಮೆಯವರು ತಪ್ಪಿಸಬಾರದ ಶನಿವಾರದ ತರಗತಿ

ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರು ಎದ್ದ ಬಂಡಾಯಗಳ ಬಗ್ಗೆ ಪುಣೆಯಲ್ಲಿ ಒಂದು ತರಗತಿ ನಡೆಯುತ್ತಿದೆ. ಡೆಕ್ಕನ್ ಜಿಮ್‌ಖಾನಾದ ಹಿಂದಿನ ಓಣಿ, ಹಳೇ ಕಟ್ಟಡದ ಎರಡನೇ ಮಹಡಿ, ಶನಿವಾರ ಸಂಜೆ ಐದರಿಂದ ಏಳೂವರೆ. ಶುಲ್ಕ 1,500 ರೂಪಾಯಿ. ಕಲಿಸುವವರು ನಿವೃತ್ತ ಇತಿಹಾಸ ಪ್ರಾಧ್ಯಾಪಕಿಯೊಬ್ಬರು. ದುಡ್ಡು ಕೊಟ್ಟು ಹೋಗುವಂಥದ್ದೇ ಎಂದು ಇಲ್ಲಿಯ ಕನ್ನಡದ ಗೆಳೆಯರು ಕೇಳುತ್ತಿದ್ದಾರೆ. ಹೋಗುವಂಥದ್ದೇ. ಮಂಡ್ಯ, ಮುಧೋಳ, ಅಥಣಿ, ಚಿಕ್ಕೋಡಿ ಕಡೆಯವರಾದರಂತೂ ಬಿಡಬೇಡಿ.

ನಾನು ಮುಧೋಳದ ಕಡೆಯವನು, ಘಟಪ್ರಭಾ ದಂಡೆಯ ಹಳ್ಳಿ. ಬಿಎಸ್ಸಿ ಮುಗಿಸಿ ಸಕ್ಕರೆ ಕಾರ್ಖಾನೆ ಸೇರಿದೆ. ಸಾಂಗ್ಲಿ, ಕೊಲ್ಹಾಪುರ, ಬಾರಾಮತಿ ಅಂತ ತಿರುಗಿ ಪಾಕ ಕುದಿಸಿ ಸಕ್ಕರೆಯ ಹರಳು ಕಟ್ಟಿಸುವ ಪ್ಯಾನ್ ವಿಭಾಗದಲ್ಲೇ ಕೂದಲು ಬೆಳ್ಳಗಾಯಿತು. ಈಗ ಕೋಥ್ರೂಡ್‌ನಲ್ಲಿ ಮಗಳ ಜತೆ ಇದ್ದೇನೆ. ಸಕ್ಕರೆಯ ಚರಿತ್ರೆ ಅಂದರೆ ನಮಗೆ ಯಂತ್ರಗಳ ಚರಿತ್ರೆ ಅಷ್ಟೇ ಕಲಿಸಿದ್ದರು. ಬಾಷ್ಪೀಕರಣದ ರಿಲ್ಯೂ ಸೂತ್ರಗಳನ್ನು ನಾವೆಲ್ಲ ಬಾಯಿಪಾಠ ಮಾಡಿದವರು. ಒಂದು ಪಾತ್ರೆಯ ಹಬೆಯಿಂದಲೇ ಮುಂದಿನ ಪಾತ್ರೆಯ ರಸ ಕುದಿಸುವ ಆ ವಿಧಾನಕ್ಕೆ ನಾರ್ಬರ್ಟ್ ರಿಲ್ಯೂ ಪೇಟೆಂಟ್ ಪಡೆದದ್ದು 1843ರಲ್ಲಿ. ಅವನು ನ್ಯೂ ಆರ್ಲಿಯನ್ಸ್‌ನಲ್ಲಿ ಆಫ್ರಿಕನ್ ಮೂಲದ ತಾಯಿಗೆ ಹುಟ್ಟಿದವನು, ಲೂಯಿಸಿಯಾನದ ಗುಲಾಮರು ಕೊಪ್ಪರಿಗೆಗಳ ಮುಂದೆ ಬೇಯುವುದನ್ನು ಕಂಡು ಬೆಳೆದವನು ಎನ್ನುವುದನ್ನು ಯಾವ ಟ್ರೈನಿಂಗ್‌ನಲ್ಲೂ ಒಬ್ಬರೂ ಹೇಳಲಿಲ್ಲ. ಈ ತರಗತಿಯಲ್ಲಿ ಅದು ಗೊತ್ತಾದಾಗ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ನನಗೆ ನಿಜಕ್ಕೂ ಸಿಟ್ಟು ಬಂತು.

ಮೊದಲ ದಿನ ಬಂಡಾಯದ ಮಾತೇ ಬರುವುದಿಲ್ಲ. ಪ್ರಾಧ್ಯಾಪಕಿ ಬೋರ್ಡಿನ ಮೇಲೆ ಒಂದು ತೋಟದ ನಕ್ಷೆ ಬಿಡಿಸುತ್ತಾರೆ. ಸುತ್ತ ಕಬ್ಬು, ನಡುವೆ ಗಾಣದ ಮನೆ, ಅದಕ್ಕೆ ಹತ್ತಿಕೊಂಡೇ ಕುದಿಸುವ ಮನೆ, ಆಮೇಲೆ ಸಕ್ಕರೆ ಬಸಿಯುವ ಮನೆ, ಕೊನೆಗೆ ಕಾಕಂಬಿಯಿಂದ ರಮ್ ಇಳಿಸುವ ಭಟ್ಟಿ. ನೆಟ್ಟಗೆ ನಿಲ್ಲಿಸಿದ ಮೂರು ಉರುಳೆಗಳ ಗಾಣ ಬಾರ್ಬಡೋಸ್‌ನಲ್ಲಿ ಗಾಳಿಯಿಂದ ತಿರುಗುತ್ತಿತ್ತು, ಬೇರೆ ಕಡೆ ನೀರಿನಿಂದ ಇಲ್ಲವೇ ಎತ್ತು, ಹೇಸರಗತ್ತೆಗಳಿಂದ. ಕಬ್ಬನ್ನು ಕೈಯಲ್ಲೇ ಉಣಿಸಬೇಕು. ರಾತ್ರಿ ಪಾಳಿಯಲ್ಲಿ ತೂಕಡಿಸಿ ಬೆರಳು ಸಿಕ್ಕರೆ ತೋಳೇ ಒಳಗೆ ಹೋಗುತ್ತಿತ್ತು. ಓಡುವ ಗಾಣ ಥಟ್ಟನೆ ನಿಲ್ಲುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಒಂದು ಕೊಡಲಿ ಇಟ್ಟಿರುತ್ತಿದ್ದರು, ತೋಳು ಕಡಿದು ಜೀವ ಉಳಿಸಲಿಕ್ಕೆ.

ಕುದಿಸುವ ಮನೆಯಲ್ಲಿ ಕೊಪ್ಪರಿಗೆಗಳ ಸಾಲು. ದೊಡ್ಡದರಿಂದ ಸಣ್ಣದಕ್ಕೆ, ಅದರಿಂದ ಇನ್ನೂ ಸಣ್ಣದಕ್ಕೆ ರಸ ತೋಡುತ್ತ ಹೋಗಬೇಕು. ಸುಣ್ಣ ಹಾಕಿ ಮಡ್ಡಿ ತೆಗೆಯಬೇಕು. ಕೊನೆಯ ಕೊಪ್ಪರಿಗೆಯ ಪಾಕವನ್ನು ಹೆಬ್ಬೆರಳು ತೋರುಬೆರಳ ನಡುವೆ ಎಳೆದು, ಎಳೆ ನೋಡಿ, ಈಗ ಇಳಿಸಿ ಎನ್ನುವವನು ಒಬ್ಬ ಗುಲಾಮ. ಅವನ ಒಂದು ಮಾತಿನ ಮೇಲೆ ಇಡೀ ಹಂಗಾಮಿನ ಲಾಭ ನಿಂತಿತ್ತು. ನಮ್ಮೂರ ಆಲೆಮನೆಯಲ್ಲಿ ಬೆಲ್ಲದ ಹದ ಹೇಳುವ ಹಿರಿಯರನ್ನು ನೋಡಿದವನು ನಾನು, ಗಾಜಿನ ಪಟ್ಟಿಯ ಮೇಲೆ ಹರಳು ಹರಡಿ ಪ್ಯಾನಿನ ಹದ ಹೇಳಿ ಸಂಬಳ ತೆಗೆದುಕೊಂಡವನೂ ನಾನೇ. ಅದೇ ಕಸುಬು ಬಲ್ಲ ಮನುಷ್ಯನನ್ನು ದನದ ಲೆಕ್ಕದ ಜತೆ ಬೆಲೆ ಕಟ್ಟಿ ಪಟ್ಟಿಯಲ್ಲಿ ಬರೆಯುತ್ತಿದ್ದರು. ಇದನ್ನು ಕೇಳಿಸಿಕೊಂಡ ಮೇಲೆ ಮುಂದಿನ ಶನಿವಾರಕ್ಕಾಗಿ ಕಾಯತೊಡಗಿದೆ.

ಈ ತರಗತಿಯ ದೊಡ್ಡ ಗುಣ ಅದರ ಮುಂದಿನ ಹೆಜ್ಜೆಯಲ್ಲಿದೆ. ಗುಲಾಮರ ದಂಗೆ ಎಂದರೆ ಸಹಿಸಲಾರದೆ ಒಮ್ಮೆಲೇ ಸಿಡಿದ ಸಿಟ್ಟು ಎಂದು ನಮ್ಮ ಮನಸ್ಸಿನಲ್ಲಿ ಕೂತಿದೆ. ಪ್ರಾಧ್ಯಾಪಕಿ ಒಂದೊಂದೇ ನಾಯಕನ ಕಸುಬನ್ನು ಬರೆಯುತ್ತ ಹೋದರು. ಬರ್ಬೀಸ್‌ನ ಡಚ್ ವಸಾಹತಿನಲ್ಲಿ 1763ರ ಬಂಡಾಯ ನಡೆಸಿದ ಕೋಫಿ ಪೀಪಾಯಿ ಕಟ್ಟುವವನು. 1823ರಲ್ಲಿ ಡೆಮೆರಾರಾದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಎದ್ದಾಗ ಮುಂದಿದ್ದ ಜ್ಯಾಕ್ ಗ್ಲ್ಯಾಡ್‌ಸ್ಟನ್ ಕೂಡ ಪೀಪಾಯಿ ಕಟ್ಟುವವನು, ಅವನ ತಂದೆ ಕ್ವಾಮಿನಾ ಬಡಗಿ. ಆಂಟಿಗಾದಲ್ಲಿ 1736ರಲ್ಲಿ ದಣಿಗಳ ನೃತ್ಯಕೂಟವನ್ನೇ ಸಿಡಿಮದ್ದಿನಿಂದ ಹಾರಿಸುವ ಸಂಚು ನಡೆಯಿತು. ಅದರಲ್ಲಿ ಮದ್ದು ಇಡಬೇಕಾಗಿದ್ದವನು ಟಾಂಬಾಯ್ ಎಂಬ ಬಡಗಿ. ಆ ಸಂಚು ಬಯಲಾಗಿ 88 ಜನರನ್ನು ಕೊಂದರು, ಹೆಚ್ಚಿನವರನ್ನು ಜೀವಂತ ಸುಟ್ಟರು. 1791ರಲ್ಲಿ ಸ್ಯಾನ್ ಡೊಮಾಂಗ್‌ನ, ಅಂದರೆ ಇಂದಿನ ಹೈಟಿಯ, ಉತ್ತರದ ಬಯಲಿಗೆ ಬೆಂಕಿ ಇಡಿಸಿದ ಬುಕ್‌ಮನ್ ಗಾಡಿ ಹೊಡೆಯುವವನು, ಆಳುಗಳ ಮೇಸ್ತ್ರಿಯೂ ಆಗಿದ್ದವನು. ಆಮೇಲೆ ಅದೇ ಬಂಡಾಯವನ್ನು ಸೈನ್ಯವಾಗಿ ಕಟ್ಟಿದ ತೂಸೆಂ ಲೂವರ್ತ್ಯೂರ್ ಕೂಡ ಬ್ರೆಡಾ ತೋಟದ ಗಾಡಿಯವನು. ಬಾರ್ಬಡೋಸ್‌ನಲ್ಲಿ 1816ರ ಈಸ್ಟರ್ ಭಾನುವಾರ ಎದ್ದ ಬುಸ್ಸಾ, ಬೇಯ್ಲೀಸ್ ತೋಟದ ಎಲ್ಲೆ ಕಾಯುತ್ತ ಹೊರಗೆ ಓಡಾಡಬಲ್ಲ ಕೆಲಸದವನು.

ಈ ಪಟ್ಟಿಯಲ್ಲಿ ಒಂದು ಅರ್ಥ ಇದೆ. ಸಕ್ಕರೆ ಹಡಗು ಹತ್ತಬೇಕಾದರೆ ಪೀಪಾಯಿ ಬೇಕು. ತೋಟದಿಂದ ತೋಟಕ್ಕೆ ಸುದ್ದಿ ಹೋಗಬೇಕಾದರೆ ಗಾಡಿಯವನೇ ಬೇಕು. ಯಾವ ಕೆಲಸ ನಿಂತರೆ ಎಲ್ಲ ನಿಲ್ಲುತ್ತದೆ ಎಂದು ಬಲ್ಲವರು ಬಂಡಾಯದ ಮುಂದಾಳುಗಳಾದರು. ಕಾರ್ಖಾನೆಯ ಒಳಗಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನಿದ್ದ ಒಂದು ಕಾರ್ಖಾನೆಯಲ್ಲಿ ಪ್ಯಾನ್‌ಮನ್‌ಗಳು ಕೈಕಟ್ಟಿ ನಿಂತ ರಾತ್ರಿ, ಮಿಲ್ ಓಡುತ್ತಿದ್ದರೂ ರಸ ಹೋಗಲಿಕ್ಕೆ ಜಾಗ ಇಲ್ಲದೆ ಬೆಳಗಾಗುವುದರೊಳಗೆ ಎಲ್ಲ ಸ್ತಬ್ಧವಾಗಿತ್ತು. ಸೈಂಟ್ ಜಾನ್ ಎಂಬ ಪುಟ್ಟ ಡೇನಿಷ್ ದ್ವೀಪದ ಕಥೆಯೂ ಇದೇ. 1733ರ ನವೆಂಬರ್‌ನಲ್ಲಿ ಅಲ್ಲಿನ ಗುಲಾಮರು ಕೋಟೆಗೆ ದಿನವೂ ಸೌದೆ ಹೊರುವ ನೆಪದಲ್ಲಿ ಒಳಗೆ ಹೋದರು. ಹೊರೆಗಳ ನಡುವೆ ಕಬ್ಬು ಕಡಿಯುವ ಕತ್ತಿಗಳಿದ್ದವು. ದ್ವೀಪದ ಬಹುಭಾಗ ತಿಂಗಳುಗಟ್ಟಲೆ ಅವರ ಕೈಯಲ್ಲಿತ್ತು. ಕೊನೆಗೆ ಮಾರ್ಟಿನಿಕ್‌ನಿಂದ ಫ್ರೆಂಚ್ ಸೈನಿಕರನ್ನು ಕರೆಸಿ ಅಡಗಿಸಬೇಕಾಯಿತು.

ತರಗತಿಯಲ್ಲಿ ನಾನು ಬಾಯಿ ಬಿಟ್ಟದ್ದು ಜಮೈಕಾದ ದಿನ. 1831ರ ಬಂಡಾಯ ಯಾಕೆ ಕ್ರಿಸ್ಮಸ್ ಹೊತ್ತಿಗೇ ಆಯಿತು ಎಂದು ಒಬ್ಬ ಹುಡುಗ ಕೇಳಿದ. ರಜೆ ಇತ್ತು, ಜನ ಸೇರಲು ಅನುಕೂಲ ಎಂದು ಪ್ರಾಧ್ಯಾಪಕಿ ಹೇಳಿದರು. ಅದು ಸರಿಯೇ. ಆದರೆ ಅಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಗುವುದೂ ಆಗಲೇ. ಕಬ್ಬು ಪಕ್ವವಾಗಿ ನಿಂತಿರುತ್ತದೆ. ಕಡಿದ ಮೇಲೆ ಒಂದು ದಿನದೊಳಗೆ ಅರೆಯದಿದ್ದರೆ ರಸದ ಸಕ್ಕರೆ ಒಡೆಯುತ್ತದೆ, ಸುಟ್ಟ ಕಬ್ಬಾದರೆ ಇನ್ನೂ ಬೇಗ. ರವದಿ, ಅಂದರೆ ಕಬ್ಬಿನ ಒಣ ಎಲೆ, ಹೊಲದ ತುಂಬ ಇರುತ್ತದೆ, ಒಂದು ಕಿಡಿ ಸಾಕು. ವರ್ಷದಲ್ಲಿ ದಣಿಗೆ ಆಳಿನ ಅಗತ್ಯ ಅತಿ ಹೆಚ್ಚು ಇರುವ ವಾರ ಅದು. ಇದನ್ನು ನಾನು ಎದ್ದು ನಿಂತು ಹೇಳಿದೆ. ಪ್ರಾಧ್ಯಾಪಕಿ ಮಧ್ಯೆ ಬಾಯಿ ಹಾಕಲಿಲ್ಲ, ಬೋರ್ಡಿನ ಮೂಲೆಯಲ್ಲಿ ಹಂಗಾಮಿನ ತಿಂಗಳುಗಳನ್ನು ಬರೆಸಿಕೊಂಡು ಆ ದಿನದ ಪಾಠವನ್ನು ಅಲ್ಲಿಂದಲೇ ಮುಂದುವರಿಸಿದರು. ಕೇಳುವವರಿಂದಲೂ ಕಲಿಯುವ ಇಂಥ ಗುರುಗಳು ಸಿಗುವುದು ಅಪರೂಪ. ಆಗಸ್ಟ್‌ನಲ್ಲಿ ನಡೆದ 1791ರ ಮತ್ತು 1823ರ ಬಂಡಾಯಗಳಿಗೆ ಈ ಲೆಕ್ಕ ಹೊಂದುವುದಿಲ್ಲ ಎಂದು ನೆನಪಿಸಿದ್ದೂ ಅವರೇ.

ಆ ಜಮೈಕಾ ಬಂಡಾಯದ ಮುಂದಾಳು ಸ್ಯಾಮ್ ಶಾರ್ಪ್ ಓದು ಬಲ್ಲವನು, ಬ್ಯಾಪ್ಟಿಸ್ಟ್ ಸಭೆಗಳ ಬೋಧಕ. ಅವನ ಯೋಜನೆ ಮುಷ್ಕರದ್ದು. ರಜೆ ಮುಗಿದ ಮೇಲೆ ಕೂಲಿ ಕೊಡದೆ ಯಾರೂ ಹೊಲಕ್ಕೆ ಇಳಿಯಬಾರದು. ಡಿಸೆಂಬರ್ 27ರಂದು ಕೆನ್ಸಿಂಗ್‌ಟನ್ ತೋಟಕ್ಕೆ ಬೆಂಕಿ ಬಿತ್ತು, ಅಲ್ಲಿಂದ ಅದು ಯಾರ ಹಿಡಿತಕ್ಕೂ ಸಿಗಲಿಲ್ಲ. ಮೂರು ಲಕ್ಷ ಗುಲಾಮರಿದ್ದ ದ್ವೀಪದಲ್ಲಿ ಅರುವತ್ತು ಸಾವಿರದವರೆಗೆ ಜನ ಎದ್ದರು ಎನ್ನುತ್ತಾರೆ. ಸತ್ತ ಬಿಳಿಯರು 14. ಹೋರಾಟದಲ್ಲಿ ಸತ್ತ ಗುಲಾಮರು ಇನ್ನೂರಕ್ಕೂ ಹೆಚ್ಚು, ಆಮೇಲೆ ವಿಚಾರಣೆಯ ಹೆಸರಿನಲ್ಲಿ ಕೊಂದದ್ದು ಮುನ್ನೂರಕ್ಕೂ ಹೆಚ್ಚು. ಶಾರ್ಪ್‌ನನ್ನು 1832ರ ಮೇ 23ರಂದು ಮಾಂಟೆಗೊ ಬೇ ಊರಲ್ಲಿ ಗಲ್ಲಿಗೇರಿಸಿದರು. ಮರುವರ್ಷ ಲಂಡನ್ನಿನಲ್ಲಿ ಗುಲಾಮಗಿರಿ ರದ್ದತಿಯ ಕಾಯ್ದೆ ಪಾಸಾಯಿತು.

ನನ್ನ ತಲೆಯಲ್ಲಿ ಆಗ ಓಡುತ್ತಿದ್ದದ್ದು ನಂದಗಡ. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ಅದೇ 1831ರ ಜನವರಿಯಲ್ಲಿ. ವರ್ಷದ ಆ ತುದಿಗೆ ರಾಯಣ್ಣ, ಈ ತುದಿಗೆ ಸ್ಯಾಮ್ ಶಾರ್ಪ್, ಎರಡೂ ಕಡೆ ಹಗ್ಗ ಹಿಡಿದವರು ಇಂಗ್ಲಿಷರು. ರಾಯಣ್ಣನ ಲಾವಣಿ ಕೇಳಿ ಬೆಳೆದ ನಾವು ಶಾರ್ಪ್‌ನ ಹೆಸರನ್ನು ಒಮ್ಮೆಯೂ ಕೇಳದೆ ಮುದುಕರಾದೆವು. ವಿರಾಮದಲ್ಲಿ ಇದನ್ನು ಪಕ್ಕದಲ್ಲಿ ಕೂತಿದ್ದ ಧಾರವಾಡದ ಹುಡುಗಿಗೆ ಹೇಳಿದೆ, ಅವಳು ಇಲ್ಲಿ ಐಟಿ ಕಂಪನಿಯಲ್ಲಿದ್ದಾಳೆ. ರಾಯಣ್ಣನನ್ನು ಹಿಡಿದುಕೊಟ್ಟವರು ನಮ್ಮವರೇ ಅಲ್ಲವೇ ಎಂದಳು. ಅದಕ್ಕೆ ಉತ್ತರ ಅದೇ ಸಂಜೆಯ ಎರಡನೇ ಭಾಗದಲ್ಲಿ ಸಿಕ್ಕಿತು.

ಜಮೈಕಾದ ಬೆಟ್ಟಗಳಿಗೆ ಓಡಿಹೋಗಿ ಸ್ವತಂತ್ರವಾಗಿ ಬದುಕಿದ ಮರೂನರು ಇಂಗ್ಲಿಷರ ಜತೆ ವರ್ಷಗಟ್ಟಲೆ ಕಾದಾಡಿ 1739ರಲ್ಲಿ ಒಪ್ಪಂದ ಮಾಡಿಕೊಂಡರು. ಅವರ ನಾಯಕ ಕಜೋ. ಅವರ ಭೂಮಿ, ಅವರ ಸ್ವಾತಂತ್ರ್ಯ ಅವರಿಗೆ ಉಳಿಯಿತು. ಬದಲಿಗೆ, ಮುಂದೆ ಓಡಿಬರುವ ಗುಲಾಮರನ್ನು ಹಿಡಿದುಕೊಡಬೇಕು, ಬಂಡಾಯ ಅಡಗಿಸಲು ನೆರವಾಗಬೇಕು. 1760ರಲ್ಲಿ ಸೈಂಟ್ ಮೇರಿ ಪ್ರಾಂತದಲ್ಲಿ ಟ್ಯಾಕಿ ಎದ್ದು, ಪೋರ್ಟ್ ಮರಿಯಾದ ಕೋಟೆಯ ಬಂದೂಕು ಮದ್ದು ವಶ ಮಾಡಿಕೊಂಡು ತೋಟಗಳ ಮೇಲೆ ಬಿದ್ದಾಗ, ಅವನನ್ನು ಬೆನ್ನಟ್ಟಿ ಗುಂಡಿಕ್ಕಿದವನು ಡೇವಿ ಎಂಬ ಮರೂನ. ಪ್ರಾಧ್ಯಾಪಕಿ ಇಲ್ಲಿ ಯಾರನ್ನೂ ದ್ರೋಹಿ ಎಂದು ಕರೆಯಲಿಲ್ಲ. ಒಂದು ತಲೆಮಾರಿನ ಗೆಲುವನ್ನು ಮುಂದಿನವರ ಕೊರಳಿಗೆ ಕಟ್ಟುವಂತೆ ಆ ಕರಾರನ್ನು ಬರೆದವರು ಯಾರು ಎಂದು ಕೇಳಿದರು, ಒಪ್ಪಂದದ ಕಲಮುಗಳನ್ನು ಒಂದೊಂದಾಗಿ ಓದಿಸಿದರು. ಇಡೀ ತರಗತಿಯಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ ಗಂಟೆ ಅದು.

ಇನ್ನೊಂದು ಎಳೆಯನ್ನು ಅವರು ಬಲು ಚೆನ್ನಾಗಿ ಹಿಡಿದಿದ್ದಾರೆ. ಅದು ವದಂತಿಯದು. ಅರಸ ಬಿಡುಗಡೆ ಕೊಟ್ಟಾಗಿದೆ, ದಣಿಗಳು ಕಾಗದ ಮುಚ್ಚಿಟ್ಟಿದ್ದಾರೆ ಎನ್ನುವ ಮಾತು 1791ರಲ್ಲಿ, 1816ರಲ್ಲಿ, 1823ರಲ್ಲಿ, 1831ರಲ್ಲಿ ಮತ್ತೆ ಮತ್ತೆ ಹಬ್ಬಿತು. ಪೂರ್ತಿ ಸುಳ್ಳೂ ಅಲ್ಲ. ಗುಲಾಮರ ನೋಂದಣಿಯ ಮಸೂದೆ, ಚಾಟಿ ಏಟು ಕಡಿಮೆ ಮಾಡುವ ಸೂಚನೆ ಲಂಡನ್ನಿನಿಂದ ನಿಜವಾಗಿಯೂ ಬರುತ್ತಿದ್ದವು, ದಣಿಗಳು ಊಟದ ಮೇಜಿನಲ್ಲಿ ಅವನ್ನು ಬೈಯುತ್ತಿದ್ದರು, ಬಡಿಸುವವರು ಕೇಳಿಸಿಕೊಳ್ಳುತ್ತಿದ್ದರು. ಬಾರ್ಬಡೋಸ್‌ನ ಸಿಮನ್ಸ್ ತೋಟದ ಮನೆಗೆಲಸದ ನ್ಯಾನಿ ಗ್ರಿಗ್ ಪತ್ರಿಕೆ ಓದಬಲ್ಲವಳು. ಸ್ಯಾನ್ ಡೊಮಾಂಗ್‌ನವರು ಮಾಡಿದಂತೆ ಬೆಂಕಿ ಇಟ್ಟು ಹೋರಾಡದೆ ಬಿಡುಗಡೆ ಸಿಗದು ಎಂದು ಅವಳು ಉಳಿದವರಿಗೆ ಹೇಳುತ್ತಿದ್ದಳೆಂದು ವಿಚಾರಣೆಯ ಕಡತದಲ್ಲಿದೆ. ಓದು ಕಲಿತ ಒಬ್ಬ ಹೆಂಗಸು ಉಳಿದವರಿಗೆ ಸುದ್ದಿ ಮುಟ್ಟಿಸುವವಳಾಗಿದ್ದಳು.

ಇಷ್ಟು ಒಳ್ಳೆಯ ಎಳೆ ಕೈಗೆ ಸಿಕ್ಕಿದ್ದರೂ ಹೆಂಗಸರ ಬಗ್ಗೆ ಪಾಠ ಕಡಿಮೆಯಾಯಿತು, ಇದು ನನ್ನ ಮುಖ್ಯ ದೂರು. ಜಮೈಕಾದ ಮರೂನರ ನಾಯಕಿ, ಇನ್ನೊಬ್ಬ ನ್ಯಾನಿಯನ್ನು ಎರಡು ವಾಕ್ಯದಲ್ಲಿ ಮುಗಿಸಿದರು. ಕ್ಯೂಬಾದ ಟ್ರಿಯುನ್‌ವಿರಾಟೋ ತೋಟದಲ್ಲಿ 1843ರಲ್ಲಿ ಎದ್ದ ಕಾರ್ಲೋಟಾ ಬರಲೇ ಇಲ್ಲ. ಕ್ಯೂಬಾವೇ ಹೆಚ್ಚು ಬರಲಿಲ್ಲ. ಹೈಟಿಯ ತೋಟಗಳು ಬೂದಿಯಾದ ಮೇಲೆ ಸಕ್ಕರೆಯ ಬಂಡವಾಳ ಹೋದದ್ದು ಕ್ಯೂಬಾಕ್ಕೆ, ಅಲ್ಲಿ ಗುಲಾಮಗಿರಿ ಮುಗಿದದ್ದು 1886ರಲ್ಲಿ. ಇದನ್ನು ಬಿಟ್ಟರೆ ಕಥೆ ಅರ್ಧ. ಬಂಡಾಯಗಳ ಪಾಠವನ್ನು 1831ಕ್ಕೇ ನಿಲ್ಲಿಸಿದ್ದು ಸರಿಯಲ್ಲ.

ಹೈಟಿಗೆ ಮಾತ್ರ ಸಾಕಷ್ಟು ಸಮಯ ಕೊಟ್ಟಿದ್ದಾರೆ. ಐದು ಲಕ್ಷ ಗುಲಾಮರಿದ್ದ ವಸಾಹತು, 1791ರ ಆಗಸ್ಟ್ 22ರ ರಾತ್ರಿಯ ಬೆಂಕಿ, 1794ರಲ್ಲಿ ಪ್ಯಾರಿಸ್ ಅನಿವಾರ್ಯವಾಗಿ ಒಪ್ಪಿಕೊಂಡ ರದ್ದತಿ, 1802ರಲ್ಲಿ ನೆಪೋಲಿಯನ್ ಅದನ್ನು ಹಿಂದೆಗೆದುಕೊಂಡದ್ದು. ಮೋಸದಿಂದ ಹಿಡಿದ ತೂಸೆಂನನ್ನು ಫ್ರಾನ್ಸಿನ ಬೆಟ್ಟದ ಮೇಲಿನ ಫೋರ್ ದ ಜೂ ಕೋಟೆಯಲ್ಲಿಟ್ಟರು, ಆ ಚಳಿಯಲ್ಲಿ 1803ರ ಏಪ್ರಿಲ್‌ನಲ್ಲಿ ಸತ್ತ. ಅದೇ ವರ್ಷ ನವೆಂಬರ್ 18ರಂದು ತೂಸೆಂನ ಸೇನಾನಿಯಾಗಿದ್ದ ದೆಸಾಲೀನ್‌ನ ಸೈನ್ಯ ವೆರ್ತಿಯೇರ್‌ನಲ್ಲಿ ಫ್ರೆಂಚರನ್ನು ಸೋಲಿಸಿತು, 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ಇನ್ನೊಂದು ಫ್ರೆಂಚ್ ದ್ವೀಪ ಗ್ವಾಡೆಲೂಪ್‌ನಲ್ಲಿ ಲೂಯಿ ದೆಲ್ಗ್ರೆ ಮತ್ತು ಅವನ ಜತೆಗಾರರು ಗುಲಾಮಗಿರಿ ಮರಳುವುದನ್ನು ಒಪ್ಪದೆ, 1802ರ ಮೇ ತಿಂಗಳಲ್ಲಿ ಮತೂಬಾದಲ್ಲಿ ಮದ್ದಿಗೆ ಬೆಂಕಿಯಿಟ್ಟು ತಮ್ಮನ್ನೇ ಸಿಡಿಸಿಕೊಂಡದ್ದನ್ನು ಹೇಳುವಾಗ ಹಾಲ್‌ನಲ್ಲಿ ಎಲ್ಲರೂ ಬರೆಯುವುದನ್ನು ನಿಲ್ಲಿಸಿದ್ದರು.

ಕೊನೆಯ ಶನಿವಾರ ಲೆಕ್ಕದ ದಿನ. ಗೆದ್ದ ಹೈಟಿಯಿಂದ 1825ರಲ್ಲಿ ಫ್ರಾನ್ಸ್ ಪರಿಹಾರವಾಗಿ ಕೇಳಿದ್ದು 15 ಕೋಟಿ ಫ್ರಾಂಕ್, ಆಮೇಲೆ ಅದನ್ನು 9 ಕೋಟಿಗೆ ಇಳಿಸಿದರು. ಬ್ರಿಟನ್ ತನ್ನ ತೋಟದ ದಣಿಗಳಿಗೆ ಕೊಟ್ಟದ್ದು 2 ಕೋಟಿ ಪೌಂಡ್. ಅದಕ್ಕಾಗಿ ಎತ್ತಿದ ಸಾಲ ತೀರಿದ್ದು 2015ರಲ್ಲಿ. ಗುಲಾಮರಿಗೆ ಒಂದು ಕಾಸೂ ಇಲ್ಲ, 1834ರಿಂದ 1838ರವರೆಗೆ ತರಬೇತಿಯ ಹೆಸರಲ್ಲಿ ಮತ್ತೆ ಪುಕ್ಕಟೆ ದುಡಿತ. ಡೆಮೆರಾರಾದಲ್ಲಿ ಬಂಡಾಯ ಎದ್ದ ತೋಟದ ಒಡೆಯ ಜಾನ್ ಗ್ಲ್ಯಾಡ್‌ಸ್ಟನ್. ಗುಲಾಮರು ಕೈಬಿಟ್ಟು ಹೋಗುವ ಹೊತ್ತಿಗೆ 1838ರಲ್ಲಿ ಭಾರತದಿಂದ ಕರಾರಿನ ಕೂಲಿಗಳನ್ನು ಹಡಗು ಹತ್ತಿಸಿ ತರಿಸಿದವನೂ ಅವನೇ. ಕೆರಿಬಿಯನ್ ಕಬ್ಬಿಗೆ ನಮ್ಮ ದೇಶದ ಬೆವರು ಸೇರಿದ್ದು ಹೀಗೆ.

ಪ್ರಶ್ನೋತ್ತರದಲ್ಲಿ ನಾನು ಸಿದ್ದಿಗಳ ಮಾತು ತೆಗೆದೆ. ಹಳಿಯಾಳ, ಯಲ್ಲಾಪುರ, ಅಂಕೋಲೆ ಕಾಡುಗಳಲ್ಲಿ ನೆಲೆ ನಿಂತವರ ಪೂರ್ವಿಕರಲ್ಲಿ ಹಲವರು ಪೋರ್ಚುಗೀಸರು ಗೋವಾಕ್ಕೆ ತಂದ ಆಫ್ರಿಕನ್ನರು. ತಪ್ಪಿಸಿಕೊಂಡು ಘಟ್ಟ ಹತ್ತಿದವರನ್ನು ಜಮೈಕಾದ ಮರೂನರ ಸಾಲಿನಲ್ಲಿ ಇಟ್ಟು ನೋಡಬಹುದೇ ಎಂದು ಕೇಳಿದೆ. ನೋಡಲೇಬೇಕು, ಮುಂದಿನ ತಂಡಕ್ಕೆ ಒಂದು ಸಂಜೆ ಅದಕ್ಕೇ ಇಡುತ್ತೇನೆ ಎಂದರು. ಅವರು ಮಾತು ಉಳಿಸಿಕೊಂಡರೆ ಈ ತರಗತಿ ನಮ್ಮವರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಸಿದ್ದಿ ಸಮುದಾಯದ ಯಾರನ್ನಾದರೂ ಕರೆಸಿ ಮಾತಾಡಿಸಿ ಎಂದೂ ಕೇಳಿಕೊಂಡಿದ್ದೇನೆ.

ಹೋಗುವವರಿಗೆ ಕೆಲವು ಮಾತು. ಪಾಠ ಇಂಗ್ಲಿಷಿನಲ್ಲಿ, ನಡುನಡುವೆ ಮರಾಠಿ. ಎರಡರಲ್ಲಿ ಒಂದು ಚೆನ್ನಾಗಿ ಬಂದರೆ ಸಾಕು. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ಮೊಣಕಾಲು ನೋವಿನವರು ಯೋಚಿಸಿ. ಹಿಂದಿನ ಸಾಲಿನಲ್ಲಿ ಫ್ಯಾನಿನ ಸದ್ದಿಗೆ ಏನೂ ಕೇಳುವುದಿಲ್ಲ, ಬೇಗ ಹೋಗಿ ಮುಂದೆ ಕೂಡಿ. ಕೊಡುವ ಜೆರಾಕ್ಸ್ ನಕ್ಷೆಯಲ್ಲಿ ದ್ವೀಪಗಳೆಲ್ಲ ಮಸಿಯ ಚುಕ್ಕೆಗಳಾಗಿವೆ. ಒಂದು ಒಳ್ಳೆಯ ಅಟ್ಲಾಸ್ ಜತೆಗಿರಲಿ, ಇಲ್ಲದಿದ್ದರೆ ಡೆಮೆರಾರಾ ಮತ್ತು ಬರ್ಬೀಸ್ ದ್ವೀಪಗಳಲ್ಲ, ದಕ್ಷಿಣ ಅಮೆರಿಕದ ಕರಾವಳಿಯ ಗಯಾನಾದಲ್ಲಿವೆ ಎಂದು ತಿಳಿಯುವಷ್ಟರಲ್ಲಿ ಆ ಸಂಜೆ ಮುಗಿದಿರುತ್ತದೆ. ವಿದ್ಯಾರ್ಥಿಗಳಿಗೆ ಅರ್ಧ ಶುಲ್ಕ, ಕೇಳಿದರೆ ಮಾತ್ರ ಹೇಳುತ್ತಾರೆ, ಕೇಳಿ. ಕನ್ನಡದವರು ಇಪ್ಪತ್ತು ಜನ ಒಟ್ಟಾದರೆ ನಮ್ಮ ಭಾಷೆಯಲ್ಲೇ ಒಂದು ತಂಡ ನಡೆಸಲು ಹಾಲ್ ಕೊಡುವುದಾಗಿ ನಡೆಸುವವರು ಒಪ್ಪಿದ್ದಾರೆ. ಕಬ್ಬು ಮತ್ತು ಗಾಣದ ಪಾಠ ನಾನು ಮಾಡಬಲ್ಲೆ, ಇತಿಹಾಸ ಓದಿದವರೊಬ್ಬರು ಜತೆಗೆ ಬೇಕು. ಮುಂದಿನ ತಂಡ ದೀಪಾವಳಿ ಕಳೆದ ಮೇಲೆ ಶುರು. ಮೊದಲ ದಿನದ ಗಾಣದ ಪಾಠ ತಪ್ಪಿದರೆ ಉಳಿದದ್ದು ಹಿಡಿಯುವುದು ಕಷ್ಟ, ಹಾಗಾಗಿ ಮೊದಲ ಶನಿವಾರಕ್ಕೇ ಹೋಗಿ.